ಟಾರು ರಸ್ತೆಯನ್ನೇ ಕಣ ಮಾಡಿಕೊಂಡ ಪ್ರಧಾನರಿಗೆ

ಮಾನ್ಯ ಮಂಡಲ ಪ್ರಧಾನರಾದ ಜಗದೇವಪ್ಪನವರ ಸನ್ನಿಧಿಗೆ, ಜೇವರ್ಗಿಯ ಲಾರಿ ಡ್ರೈವರ್ ಬೀರಣ್ಣನ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ತಾಯಿಯವರೂ ತಮ್ಮ ಎತ್ತುಗಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಎತ್ತುಗಳಂತೂ ಸುಖವಾಗಿಯೇ ಇರಬೇಕು, ಅವುಗಳ ಕೆಲಸವನ್ನು ನಾನು ಮಾಡುತ್ತಿದ್ದೇನೆ.

ತಮ್ಮ ಊರ ಹೆಸರು ಬರೆದಿಲ್ಲ, ಆಳಂದದ ಅಂಚೆಯವನಿಗೆ ಗೊತ್ತು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ, ಸಿಟ್ಟು ಬಂದರೆ ಬರಲಿ. ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಬರುವ ಶನಿವಾರದೊಳಗೆ ತಮ್ಮ ಸಹಿ, ಶಿಕ್ಕಾ ಬಿದ್ದ ಒಂದು ಚೀಟಿ ಸಿಗದಿದ್ದರೆ ನನ್ನ ನೌಕರಿ ಹೋಗುತ್ತದೆ.

ಇಪ್ಪತ್ತಾರು ವರ್ಷದಿಂದ ಜೇವರ್ಗಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿಕೊಂಡು, ಆಳಂದ ದಾಟಿ, ಸೊಲ್ಲಾಪುರದ ಮೇಲೆ ಹಾಯ್ದು ಪುಣೆಗೆ ಮುಟ್ಟಿಸುವುದು ನನ್ನ ಧಂಧೆ. ಸ್ನಾನ ಯಾರದೋ ಪಂಪಿನ ಕೆಳಗೆ, ಊಟ ಧಾಬಾದಲ್ಲಿ, ನಿದ್ದೆ ಸ್ಟೇರಿಂಗಿನ ಹಿಂದೆ, ಹೆಂಡತಿ ಕಾಶಿಬಾಯಿಯ ಮುಖ ಅಮಾವಾಸ್ಯೆಗೊಮ್ಮೆ. ಇಷ್ಟಾದರೂ ಈ ಬೀರಣ್ಣನ ಪುಣ್ಯ ಕಡಿಮೆ ಬಿದ್ದೀತೆಂದು ತಾವು ಹನ್ನೆರಡು ಎಕರೆಯ ತೊಗರಿಯನ್ನು ರಸ್ತೆಯ ತುಂಬ ಹಾಸಿ, ಗಾಲಿಯಡಿ ಕಾಯಿ ಒಡೆದು ರಾಶಿ ಮಾಡುವ ಭಾಗ್ಯವನ್ನೂ ಒದಗಿಸಿದ್ದೀರಿ. ಒಮ್ಮೆ ಹಾಯ್ದರೆ ಕಾಯಿ ಒಡೆಯುವುದಿಲ್ಲವೆಂದು ತಮ್ಮ ಆಳುಗಳು ಅಡ್ಡ ನಿಂತು, ‘ಕಾಕಾ, ಜರಾ ರಿವರ್ಸ್ ಹೊಡೀರಿ, ನಿಮ್ಮ ಗಾಡಿ ವಜನ್ ಛಲೋ ಅದ’ ಎಂದು ಮೂರು ಮೂರು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ, ಕಡೆಗೆ ಕಾಳು ನುರಿದು ಬೇಳೆಯಾಯಿತೆಂದು ನನ್ನನ್ನೇ ಬೈಯುತ್ತಾರೆ. ಕಾಯಿ ಎಲ್ಲಿ ಮುಗಿಯುತ್ತದೆ, ಕಾಳು ಎಲ್ಲಿ ಶುರುವಾಗುತ್ತದೆ ಎಂದು ನನ್ನ ಟಾಯರುಗಳಿಗೆ ಕಲಿಸಲು ಒಬ್ಬ ಮಾಸ್ತರರನ್ನು ದಯಮಾಡಿ ಮಂಜೂರು ಮಾಡಿಸಬೇಕು.

ಇದನ್ನೂ ನುಂಗಿಕೊಂಡೆ. ಆದರೆ ಕಣದಲ್ಲಿ ಚಪ್ಪಲಿ ಮೆಟ್ಟಬಾರದೆಂಬ ಹಿರಿಯರ ಕಟ್ಟಳೆಯನ್ನು ತಮ್ಮ ತಾಯಿ ಗೌರಾಬಾಯಿಯವರು ಸರಕಾರಿ ರಸ್ತೆಯ ಮೇಲೂ ನಡೆಸುತ್ತಿದ್ದಾರೆ. ‘ಯವ್ವಾ, ನಾ ಮ್ಯಾಲ ಕುಂತೀನಿ, ಕಾಲು ಬ್ರೇಕಿನ ಮ್ಯಾಲ ಅದಾವ’ ಎಂದರೆ, ‘ನಿನ್ನ ಬ್ರೇಕು ಎಲ್ಲಿ ಅದಲೇ? ಕಣದ ಮ್ಯಾಲೇ ಅದಲ್ಲ!’ ಎಂದರು. ಬಿಚ್ಚಿದೆ. ಆಮೇಲೆ ಅವರ ಕಣ್ಣು ಗಾಡಿಯ ಹಿಂಬದಿಗೆ ಹೋಯಿತು. ದೃಷ್ಟಿ ತಾಗದಿರಲೆಂದು ನಾವು ಡ್ರೈವರುಗಳು ಅಲ್ಲಿ ಹಳೆಯ ಚಪ್ಪಲಿ ಕಟ್ಟುವುದು ತಮಗೂ ಗೊತ್ತು. ‘ಅಲ್ಲಿ ಜೋತಾಡಾಕತ್ತದಲ್ಲ, ಅದೇನು ನಿಮ್ಮಪ್ಪನ ರುಮಾಲೇನು?’ ಎಂದು ಕೋಲು ಎತ್ತಿದರು. ಅದನ್ನೂ ಬಿಚ್ಚಿದೆ. ಕ್ಯಾಬಿನ್ನಿನಲ್ಲಿ ದೇವರ ಫೋಟೋ ಇದೆ, ಒಳಗಿಡುವಂತಿಲ್ಲ. ಹೀಗಾಗಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಹೊಲದ ಮುಳ್ಳು ಬದುವಿನ ಮೇಲೆ ಬರಿಗಾಲಲ್ಲಿ ಅರ್ಧ ಫರ್ಲಾಂಗು ನಡೆದು, ಆಚೆಯ ಕಲ್ಲಿನ ಮೇಲಿಟ್ಟು, ಅದೇ ಮುಳ್ಳಿನಲ್ಲಿ ತಿರುಗಿ ಬಂದು ಗಾಡಿ ದಾಟಿಸಿ, ಮತ್ತೆ ಇಳಿದು ಕಟ್ಟಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ನಮ್ಮ ಮಾಲಕರಾದ ಸಲಾವುದ್ದೀನ ಸಾಹೇಬರು ಸೊಲ್ಲಾಪುರದ ಪೇಟೆಯಲ್ಲೇ ಹುಟ್ಟಿ ಬೆಳೆದವರು. ನಾಲ್ಕು ಖೇಪು ಮಾಲು ತಡವಾಗಿ ಮುಟ್ಟಿದ್ದಕ್ಕೆ ಕಾರಣ ಹೇಳಿದರೆ, ‘ರಾಶಿ ಹೊಲದಾಗ ಆಗತದೋ, ರೋಡಿನ ಮ್ಯಾಗೋ? ಹಿಂತಾ ಬಹಾನಾ ನನ್ನ ಮುಂದ ಬ್ಯಾಡ. ಶನಿವಾರ ಪ್ರಧಾನರ ಚೀಟಿ ತಾ, ಇಲ್ಲಾ ಚಾವಿ ಇಟ್ಟು ನಡಿ’ ಎಂದರು.

ಆದ್ದರಿಂದ ಮಾನ್ಯರೇ, ರಾಶಿ ರಸ್ತೆಯ ಮೇಲೇ ನಡೆದದ್ದು ಖರೆ ಎಂದು ಚೀಟಿ ದಯಪಾಲಿಸಬೇಕು. ಕೈ ಬರೆಯುತ್ತಿರುವಾಗಲೇ ಇನ್ನೆರಡು ಹುಕುಂ ಹೊರಡಿಸಿದರೆ ಮಹದುಪಕಾರ. ಕಾರಹುಣ್ಣಿಮೆಗೆ ತಮ್ಮ ಎತ್ತುಗಳ ಕೋಡಿಗೆ ಬಣ್ಣ ಬಳಿಯುವಾಗ ನನ್ನ ಬಂಪರಿಗೂ ಬಳಿದು, ಗೆಜ್ಜೆ ಕಟ್ಟಿ, ಊರಲ್ಲಿ ಮೆರೆಸಿ, ಟಾಂಕಿಯ ಬಾಯಿಗೆ ಒಂದಿಷ್ಟು ಡೀಸೆಲ್ ಕುಡಿಸಬೇಕು. ಹಾಗೆಯೇ ಸೊಲ್ಲಾಪುರದವರೆಗಿನ ರಸ್ತೆಯನ್ನು ತಮ್ಮ ಪಹಣಿಯಲ್ಲಿ ಬರೆಸಿಕೊಂಡು, ನಮ್ಮ ಲಾರಿಗಳಿಗೆ ಹೊಲದಲ್ಲೊಂದು ದಾರಿ ಬಿಡಬೇಕು.

ತಮ್ಮ ವಿಶ್ವಾಸಿ, ಮೈಲಿಗಲ್ಲಿಗಿಂತ ತಮ್ಮ ತೊಗರಿಯನ್ನೇ ಹೆಚ್ಚು ಕಂಡ
ಬೀರಣ್ಣ

ತಾ.ಕ.: ಶನಿವಾರ ಕಳೆಯಿತು. ಅಂಚೆಗೆ ತಡವಾದೀತೆಂದು ಈ ಪತ್ರ ಹಿಡಿದು ಚೀಟಿಗಾಗಿ ತಮ್ಮ ಮನೆಗೇ ಬಂದರೆ ತಾವು ಗಾಣಗಾಪುರಕ್ಕೆ ಹೋಗಿದ್ದಿರಿ, ಶಿಕ್ಕಾವೂ ತಮ್ಮ ಜೇಬಿನಲ್ಲಿ ದೇವರ ದರ್ಶನಕ್ಕೆ ಹೋಗಿತ್ತು. ಬರಿಗೈಯಲ್ಲೇ ಸೊಲ್ಲಾಪುರ ಮುಟ್ಟಿ, ಸಾಹೇಬರ ಅಂಗಳದಲ್ಲಿ ಲಾರಿಯ ಕೆಳಗೆ ತಾಡಪತ್ರಿ ಹಾಸಿ, ಅಕ್ಸಲ್ಲು, ಮಡ್‌ಗಾರ್ಡುಗಳನ್ನು ಸುತ್ತಿಗೆಯಿಂದ ಬಡಿದೆ. ಸೇರಿನಷ್ಟು ತೊಗರಿ ಉದುರಿತು. ಸಾಹೇಬರು ಮುಷ್ಟಿ ತುಂಬಿಕೊಂಡು ನೋಡಿ, ‘ಅರೇ, ಖರೇನೇ ಹೇಳಿದ್ಯಲ್ಲೋ!’ ಎಂದು ಚಾವಿಯನ್ನು ನನ್ನ ಕೈಗೇ ಇಟ್ಟರು. ಚೀಟಿ ಇನ್ನು ಬೇಕಿಲ್ಲ. ಬರೆದದ್ದು ದಂಡವಾಗಬಾರದೆಂದು ಒಂದು ಪ್ರತಿಯನ್ನು ಆಳಂದ ಸ್ಟ್ಯಾಂಡಿನ ಚಹಾದಂಗಡಿಯ ಗೋಡೆಗೆ ಅಂಟಿಸಿ, ಇದನ್ನು ತಮಗೆ ಕಳಿಸಿದ್ದೇನೆ. ತೊಗರಿಯನ್ನು ಕಾಶಿಬಾಯಿ ಒಡೆದು ಬೇಯಿಸಿದಳು, ರುಚಿ ಛಲೋ ಇತ್ತು. ಅದರಲ್ಲಿ ಸಿಕ್ಕ ಹರಳುಗಳು ಮಾತ್ರ ಸರಕಾರಿ ರಸ್ತೆಯವು. ಪ್ರಧಾನರ ವಶಕ್ಕೇ ಸೇರತಕ್ಕವೆಂದು ಎಲ್ಲವನ್ನೂ ಈ ಲಕೋಟೆಯಲ್ಲಿ ಇಟ್ಟಿದ್ದೇನೆ.