ಗುಂಡಿ ಇಲ್ಲದ ಕಾರು

ಗವಿಸಿದ್ದೇಶನ ಹೊಸ ಕಾರಿನಲ್ಲಿ ಹೆಸರಿಗೂ ಒಂದು ಗುಂಡಿ ಇರಲಿಲ್ಲ. ಎಸಿ, ಹಾಡು, ಕಿಟಕಿ, ಎಲ್ಲಾ ಒಂದೇ ಗಾಜಿನ ಪರದೆಯಲ್ಲಿ. ಇದನ್ನು ಅಳವಂಡಿ ಊರ ತುಂಬ ಡಂಗುರ ಸಾರಿದ್ದ. ಪಕ್ಕದ ಮನೆಯ ಆಟೋ ಬಡೇಸಾಬ ಕೇಳಿ, "ಗುಂಡಿ ಕಾರಿನ್ಯಾಗ ಯಾಕ್ ಬೇಕೋ ತಮ್ಮಾ? ರಸ್ತಾದಾಗ ಬೇಕಾದಷ್ಟು ಅದಾವಲ್ಲ" ಎಂದು ನಕ್ಕಿದ್ದ.

ಇವತ್ತು ಗಂಗಾವತಿಗೆ ಕನ್ಯಾ ನೋಡಲು ಹೊರಟಿದ್ದರು. ಹಿಂದೆ ಹೋದಲ್ಲೆಲ್ಲ "ತಿಳಿಸ್ತೀವ್ರಿ" ಎಂದವರು ಇನ್ನೂ ತಿಳಿಸುತ್ತಲೇ ಇದ್ದರು. ಈ ಸಲವಾದರೂ ಕೂಡಿ ಬರಲಪ್ಪಾ ಎಂದು, ಅವನನ್ನು ಸಾಕಿದ ಸೋದರತ್ತೆ ಭೀಮಕ್ಕ ಕಾರಿನ ಪೂಜೆಗೆ ನಿಂತಳು. ಗಾಲಿಗೆ ನಿಂಬೆಹಣ್ಣು, ಮುಂದಕ್ಕೆ ಹೂವಿನ ಮಾಲೆ. ಅಷ್ಟಕ್ಕೇ ಬಿಟ್ಟಳೇ? ಒಳಗೆ ಕೂತು, ಬೆಳಗುತ್ತಿದ್ದ ಪರದೆಗೆ ಹಸಿ ವಿಭೂತಿಯನ್ನು ಮೂರು ಬೆರಳಲ್ಲಿ ದಪ್ಪಗೆ ಎಳೆದಳು.

ಪರದೆ ಠಣ್ ಎಂದಿತು. ಹೀಟರು ಭರ್ರೆಂದು ತುತ್ತತುದಿಗೆ ಏರಿತು. ಗವಿಸಿದ್ದೇಶ ಕರ್ಚೀಫು ತೆಗೆದ.

"ಏಯ್! ಒರಸಿದ್ರ ಕೈ ಮುರೀತೀನಿ. ಹುಡುಗಿ ಹ್ಞೂಂ ಅನ್ನೂತನಕ ಅದನ್ನ ಅಳಸಬಾರದು."

"ಅತ್ತೀ, ಮೇ ತಿಂಗಳದಾಗ ಹೀಟರ್ ಹತ್ತೈತಿ!"

"ತಡಕೋ. ದೇವರ ಕೆಲಸ."

ದಾರಿಯಲ್ಲಿ ಒಣಗಿದ ವಿಭೂತಿಯ ಮೇಲೆ ಎಲ್ಲಿ ಒತ್ತಿದರೂ, ಜಪ್ಪಯ್ಯ ಅಂದರೂ ಪರದೆ ಕೇಳಲಿಲ್ಲ; ಕಿಟಕಿಯೂ ಇಳಿಯಲಿಲ್ಲ. ಕೊನೆಗೆ ಬಾಯಿಬಿಟ್ಟೇ ಬೇಡಿಕೊಂಡ: "ಬಿಸಿ ಬ್ಯಾಡ ನಮ್ಮವ್ವಾ!"

"ಬಿಸಿ ಹೆಚ್ಚಿಸಲಾಗಿದೆ" ಎಂದಿತು ಕಾರಿನೊಳಗಿನ ಹೆಣ್ಣುದನಿ.

ಹುಲಿಗಿ ದಾಟುವಾಗ ತಡೆಯಲಾರದೆ ಬಾಗಿಲು ಚೂರು ತೆರೆದ. ಕಾರು ಕಿರುಚಾಡಿ ನಡುರಸ್ತೆಯಲ್ಲೇ ನಿಂತಿತು. ಮತ್ತೆ ಮುಚ್ಚಿದ. ಭೀಮಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಛಲೋ ಆಗ್ತೈತಿ, ಭಾಳ ಛಲೋ ಆಗ್ತೈತಿ" ಎನ್ನುತ್ತಿದ್ದಳು.

ಗಂಗಾವತಿಯಲ್ಲಿ ಅವನು ಕುದಿಸಿದ ಶೇಂಗಾದಂತೆ ಇಳಿದ. ಮುಖದ ಪೌಡರು ಅಂಗಿಗೆ ಬಂದಿತ್ತು. ಚಹಾ ತಂದ ಹುಡುಗಿ ಅಮೃತಾ ಕಣ್ಣರಳಿಸಿ, "ಏನ್ರೀ, ಹೊಳಿ ಈಜಿ ಬಂದ್ರೇನು?" ಎಂದಳು. ಭೀಮಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಒದರಿದಳು. ಮುಗೀತು, ಇವರೂ ಇನ್ನು ತಿಳಿಸುವವರೇ ಎಂದು ಗವಿಸಿದ್ದೇಶ ತಲೆ ತಗ್ಗಿಸಿದ.

ಅಮೃತಾ ಹೊರಗೆ ಹೋಗಿ ಕಾರಿನೊಳಗೆ ಇಣುಕಿ ಬಂದಳು.

"ನನಗ ಒಪ್ಪಿಗಿ ಐತ್ರಿ ಅಪ್ಪಾ. ಅತ್ತಿ ಮಾತಿಗೆ ಬೆಂದು ಬಂದಾರ, ಒಂದು ಗೆರಿ ಅಳಸಿಲ್ಲ. ಇಂಥವ್ರು ನಾ ಹೇಳಿದ್ದೂ ಕೇಳ್ತಾರ."

ಗವಿಸಿದ್ದೇಶನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಹಸಿ ಬಟ್ಟೆ ಹಿಡಿದು ಕಾರಿಗೆ ಓಡಿದ.

"ಅಯ್ಯ, ಅಳಸಬ್ಯಾಡ್ರಿ!" ಹಿಂದೆಯೇ ಬಂದಳು ಅಮೃತಾ. "ನಮ್ಮನ್ನ ಕೂಡಿಸಿದ ವಿಭೂತಿ ಅದು. ಲಗ್ನದ ಅಕ್ಕಿಕಾಳು ತಲಿಮ್ಯಾಲ ಬೀಳೂತನಕ ಹಂಗ ಇರ್ಲಿ."

ಲಗ್ನ ಅಲ್ಲೇ ಗೊತ್ತಾಯಿತು, ಆರು ತಿಂಗಳಾಚೆ ಕಾರ್ತೀಕಕ್ಕೆ. ಭೀಮಕ್ಕ ಅವನ ಕೈಯಿಂದ ಬಟ್ಟೆ ಕಸಿದುಕೊಂಡು ಹೇಳಿದಳು: "ಆಮ್ಯಾಲೂ ಯಾಕ್ ಒರಸ್ತೀಯೋ? ಅಷ್ಟೊತ್ತಿಗೆ ಥಂಡಿ ಬಿದ್ದಿರ್ತೈತಿ, ಹೀಟರ್ ಬೇಕಾಗ್ತೈತಿ."