“ಆ ಕಾಸೊ” ಅಂದ್ರ ಏನ ಕಾಸೂದು?

ನಮ್ಮ ಮನೆಗೆ ಬಂದ ಹೊಸ ಮಾತು ಒಂದೂ ಬಂದ ಅರ್ಥದಲ್ಲೇ ಹೊರಗೆ ಹೋದದ್ದಿಲ್ಲ. ನಾನು ಸಾಲಿಯಲ್ಲಿ ಇಂಗ್ಲಿಷ್ ಕಲಿಸುವಾಕಿ. ಅವ್ವ ಗಜೇಂದ್ರಗಡಕ್ಕೆ ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆ ಕೂತಾಕಿ. ಹೋದ ಚಳಿಗಾಲ ಇಟಲಿಯ ಹೆಣ್ಣುಮಗಳೊಬ್ಬಳು ಸೀರೆ ನೇಯುವುದನ್ನು ಕಲಿಯಲು ನಮ್ಮಲ್ಲೇ ಬಂದು ಉಳಿದಳು.

ಹಾಲೋ ನೀರೋ

ಮೊದಲ ದಿನವೇ ಅವ್ವ ನೂಲಿನ ಬುಟ್ಟಿ ಮುಂದಿಟ್ಟು, “ಯಾವ ಬಣ್ಣ ಬೇಕಂತ ಕೇಳ” ಅಂದಳು. ಕೇಳಿದೆ. ಆಕೆ ಕಣ್ಣು ಮುಚ್ಚಿ ಬುಟ್ಟಿಗೆ ಕೈ ಹಾಕಿ, “ಆ ಕಾಸೊ!” ಅಂದಳು.

ಅವ್ವ ಗಡಬಡಿಸಿ ಎದ್ದಳು. “ಏನ ಕಾಸ್ಲಿ? ಹಾಲೋ, ನೀರೋ?”

ನಾನು ಅರ್ಥ ಕೇಳಿಕೊಂಡು ಒಳಗೆ ಹೋಗುವಷ್ಟರಲ್ಲಿ ಒಲೆ ಮೇಲೆ ಎರಡೂ ಕುದಿಯುತ್ತಿದ್ದವು. “ಅವ್ವಾ, ಅದು ಅವರ ಭಾಷಾ. ಹಿಂದ ಮುಂದ ನೋಡದ, ಕೈಗೆ ಸಿಕ್ಕಿದ್ದು ತಗೊಳ್ಳೂದು ಅಂತ.”

ಅವ್ವ ಒಲೆ ಆರಿಸಿದಳು. “ನಿಮ್ಮಪ್ಪ ಸಂತ್ಯಾಗ ಬದನಿಕಾಯಿ ಆರಿಸಿದಂಗ ಅನ್ನು.”

ಬೋರ್ಡಿನ ಟೈಮು

ಒಂದು ರವಿವಾರ ನರಗುಂದದ ಗುಡ್ಡ ನೋಡಲು ಇಬ್ಬರೂ ಹೊರಟೆವು. ಸ್ಟ್ಯಾಂಡಿನಲ್ಲಿ ಕಾದು ಸಾಕಾಗಿ ಕಿಟಕಿಯೊಳಗಿನವರನ್ನು ಕೇಳಿದೆ, “ನರಗುಂದ ಬಸ್ ಎಷ್ಟಕ್ಕ ಬರತೈತ್ರಿ?”

“ಬಂದಾಗ ಬರತೈತ್ರಿ ಅಕ್ಕಾರ.”

ಅದನ್ನು ಆಕೆಗೆ ಹೇಳಿದ್ದೇ ತಡ, “ಆ ಕಾಸೊ!” ಎಂದು ಚಪ್ಪಾಳೆ ತಟ್ಟಿದಳು. ನನಗೆ ಊರಿನ ಮಾನದ ಚಿಂತೆ. “ಬೋರ್ಡಿನ್ಯಾಗ ಹತ್ತೂವರಿ ಅಂತ ಬರದೈತಲ್ರಿ?”

“ಅದು ಬೋರ್ಡಿನ ಟೈಮ್ರಿ. ಬಸ್ಸಿಂದಲ್ಲ.”

ಆ ಹೆಸರು

ಕಡೆಗೂ ಆಕೆಯ ಸೀರೆ ಮಗ್ಗದಿಂದ ಇಳಿಯಿತು. ಒಂದು ಪಟ್ಟಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅವ್ವ ಬೈಯುತ್ತಾಳೆಂದು ಆಕೆ ಉಗುರು ಕಚ್ಚುತ್ತ ನಿಂತಿದ್ದಳು. ಅವ್ವ ಎರಡು ಸಲ ತಿರುವಿ ನೋಡಿ, ತಾನೇ ಉಟ್ಟುಕೊಂಡು ಬಂದಳು. “ಅಕಿ ಮನಿಗೆ ಫೋನ್ ಹಚ್ಚ.”

ವಿಡಿಯೋದಲ್ಲಿ ಇಟಲಿಯ ಅಜ್ಜಿ, ಕೊರಳಲ್ಲಿ ಶಿಲುಬೆ. ಮೊಮ್ಮಗಳನ್ನು ಹೊಗಳಬೇಕೆಂದು ಅವ್ವ ಸೆರಗು ಹರಡಿ, ತನಗೆ ಬರುವ ಒಂದೇ ಇಟಲಿ ಮಾತನ್ನು ಒತ್ತಿ ಹೇಳಿದಳು. ಅವ್ವನ ಮುಂದಿನ ಎರಡು ಹಲ್ಲು ಬಿದ್ದಿವೆ, ಒತ್ತಿದರೆ ‘ಸ’ ಹೋಗಿ ‘ತ್ಸ’ ಆಗುತ್ತದೆ.

“ಕಾತ್ಸೊ! ಭಾಳ ಚಲೋ ಕಾತ್ಸೊ!”

ಮೊಮ್ಮಗಳು ಮುಖ ಮುಚ್ಚಿಕೊಂಡು ನನ್ನ ಕಿವಿಯಲ್ಲಿ ಉಸುರಿದಳು. ಹಾಗಂದರೆ ಗಂಡಸಿನ ಗುಪ್ತಾಂಗಕ್ಕೆ ಅವರ ಓಣಿಯ ಬೈಗುಳದ ಹೆಸರಂತೆ. ನಾನು ಫೋನ್ ಕಸಿಯಲು ಹೋದೆ. ಅಷ್ಟರಲ್ಲಿ ಆ ಅಜ್ಜಿ ಶಿಲುಬೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕು, ಕಣ್ಣೊರೆಸಿಕೊಂಡು ಏನೋ ಅಂದಳು.

“ಏನಂತಾಳವಾ?” ಅವ್ವನಿಗೆ ಅವಸರ.

ಮೊಮ್ಮಗಳು ನನಗೆ ಹೇಳಿದ್ದು ಇಷ್ಟು: “ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಅದರ ಹೆಸರು ಎತ್ತಿದವರು ನೀವೇ ಮೊದಲು.”