ಮನೆಗೆ ಗಾಲಿ ಹುಡುಕಿದ ಕಾಕಾ

ಮನೆ ಕೊಳ್ಳಲು ಹೋದವರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಮನೆ ಕೊಳ್ಳಲು ಹೋಗಿ ಅದರ ಟೈರಿಗೆ ಒದ್ದು ನೋಡಿದ ಏಕೈಕ ಮನುಷ್ಯ ನಮ್ಮ ಕಾಕಾ! ಒದ್ದಿದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಮನೆಯ ಸಂಡಾಸದೊಳಗೆ ಹೋಗಿ ಬಾಗಿಲು ಹಾಕಿಕೊಂಡು, "ಈಗ ಓಡಿಸಿ, ಗಪ್ಪನ ಬ್ರೇಕ್ ಹಾಕ್ರಿ ನೋಡೂಣು" ಎಂದು ಒಳಗಿನಿಂದಲೇ ಕೂಗಿದ. ಹಾಕಿದರು. ಒಳಗೆ ಏನಾಯಿತೆಂದು ಕಾಕಾ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹಣೆಯ ಮೇಲಿನ ಬುಗುಟು ಮಾತ್ರ ವಾರಗಟ್ಟಲೆ ಎಲ್ಲರಿಗೂ ಹೇಳುತ್ತಿತ್ತು.

ಈ ಕಾಕಾ ನಮ್ಮಪ್ಪನ ಖಾಸಾ ತಮ್ಮ. ಮನೆ ರಾಯಚೂರಿನಲ್ಲಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್ ಆಗಿದ್ದು ಈಚೆಗೆ ನಿವೃತ್ತನಾದ. ನಿವೃತ್ತರಾದ ಗಂಡಸರು ವಾಕಿಂಗ್ ಹೋಗುತ್ತಾರೆ, ಪೇಪರ್ ಓದಿ ಸರ್ಕಾರವನ್ನು ಬೈಯುತ್ತಾರೆ, ಸೊಸೆಯಂದಿರ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ಕಾಕಾ ಈ ಮೂರನ್ನೂ ಒಂದೇ ತಿಂಗಳಲ್ಲಿ ಮಾಡಿ ಮುಗಿಸಿ ಬೇಸತ್ತು, "ಗಾಲಿ ಇರೋ ಮನಿ ತಗೋತೀನಿ" ಎಂದು ಘೋಷಿಸಿದ. ಮಲಗುವ ಜಾಗ, ಒಲೆ, ಸಂಡಾಸ ಎಲ್ಲವೂ ಒಳಗೇ ಇರುವ ಗಾಡಿ! ಮೊಮ್ಮಗಳ ಮೊಬೈಲಿನಲ್ಲಿ ಯಾರೋ ಪರದೇಶದ ಗಂಡ ಹೆಂಡತಿ ಅಂಥ ಗಾಡಿಯಲ್ಲಿ ಕೂತು ಮೊಟ್ಟೆ ಹುರಿಯುವುದನ್ನು ನೋಡಿದ್ದನಂತೆ.

ಹುಚ್ಚು ಹೌದು, ಆದರೆ ಹುಚ್ಚಿಗೊಂದು ಕಾರಣವಿತ್ತು. ಆ ಕಾರಣ ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಅತ್ತೆ ಸಾಯುವ ಮುಂಚೆ ಅವಳಿಗೆ ಎರಡು ಮಾತು ಹೇಳಿ ಹೋಗಿದ್ದಳು. ಸಂಜೆ ದೇವರ ಜಗಲಿ ಮುಂದೆ ದೀಪ ತಪ್ಪಬಾರದು, ಮನೆಗೆ ಕೀಲಿ ಬೀಳಬಾರದು. ಹೇಳಿದವಳು ಹೋಗಿಬಿಟ್ಟಳು, ಕೇಳಿದವಳು ಅಲ್ಲೇ ಉಳಿದಳು. ಮದುವೆ ಇರಲಿ, ಮುಂಜಿ ಇರಲಿ, ಕಲ್ಲೂರಿನ ತವರೇ ಇರಲಿ, ಅಕ್ಷತೆ ಹಾಕಿ ಹೊತ್ತು ಮುಳುಗುವುದರೊಳಗೆ ಬಸ್ ಹತ್ತಿ ವಾಪಸ್. ನಾವೆಲ್ಲ ಎಲ್ಲಿಗಾದರೂ ಹೊರಟರೆ ಬಾಗಿಲಲ್ಲಿ ನಿಂತು, "ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ" ಎನ್ನುತ್ತಾಳೆ. ಆ ಮನೆಯಲ್ಲಿ ಕದಿಯುವಂಥದ್ದು ಏನಿದೆ? ಕಾಕಾನ ಹಳೇ ಸ್ಪ್ಯಾನರುಗಳನ್ನು ಬಿಟ್ಟರೆ ಏನೂ ಇಲ್ಲ!

ನಿವೃತ್ತಿಯ ಹಾರ ಹಾಕಿಸಿಕೊಂಡು ಬಂದ ದಿನ ಕಾಕಾ ಜಂಬದಿಂದ ಸ್ಥಾವರದ ಪಕ್ಕದ ಕೃಷ್ಣೆಯ ಕಥೆ ಹೇಳುತ್ತಿದ್ದ. ಹೊಳೆ ಹೇಗೆ ತುಂಬುತ್ತದೆ, ಹೇಗೆ ಇಳಿಯುತ್ತದೆ ಎಂದು. ಚಿಗವ್ವ ಹಾರದ ಹೂವು ಬಿಡಿಸುತ್ತ, "ಸಣ್ಣಾಕಿದ್ದಾಗ ನಮ್ಮವ್ವನ ಕೂಡ ಗೂಗಲ್ಲಿಗಿ ಹೋಗಿದ್ದೆ. ಹೊಳಿ ದಂಡಿಗಿ ವಸ್ತಿ ಇದ್ವಿ. ಆಮ್ಯಾಲ ಹೊಳಿದಂಡಿಗಿ ನಿಂತೇ ಇಲ್ಲ ನೋಡ್ರಿ" ಎಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು ಅಷ್ಟೇ. ಮರುದಿನ ನನಗೆ ಕಾಕಾನ ಫೋನು. "ನಾ ಜಲ್ಮ ಪೂರ್ತಿ ಆ ಹೊಳಿ ದಂಡಿಗೇ ದುಡದೀನಿ, ಇಕಿ ಕಂಡೇ ಇಲ್ಲಂತಲ್ಲವಾ! ಗೂಗಲ್ಲಿಗಿ ಕರಕೊಂಡು ಹೋಗಿ ಒಂದ್ ರಾತ್ರಿ ವಸ್ತಿ ಇರಲೇಬೇಕು. ಮನಿ ಬಿಟ್ಟು ಇಕಿ ಬರಂಗಿಲ್ಲ. ಅಂದಮ್ಯಾಲ ಮನಿನೇ ಕರಕೊಂಡು ಹೋಗಬೇಕು!"

ಇಂಥ ತರ್ಕಕ್ಕೆ ಎದುರಾಡುವುದು ಹೇಗೆ ಹೇಳಿ?

ನಾನು ಮಾನ್ವಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಆ ಒಂದು ಅಪರಾಧಕ್ಕೆ ನನ್ನ ರವಿವಾರಗಳೆಲ್ಲ ಜಪ್ತಿಯಾದವು. ಗಾಡಿ ಮಾರುವವರ ಜೊತೆ ಮಾತಾಡಲು "ಓದಿದಾಕಿ" ಬೇಕಿತ್ತು. ಮೊದಲು ಬೆಂಗಳೂರಿನ ಒಬ್ಬ ಮಾರಾಟಗಾರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆವು.

"ಫಸ್ಟ್ ಟ್ರಿಪ್ ಎಲ್ಲಿಗೆ ಪ್ಲಾನ್ ಮಾಡಿದ್ದೀರಾ ಸರ್?" ಎಂದ ಅವನು.

"ಗೂಗಲ್ಲಿಗಿ" ಎಂದ ಕಾಕಾ.

"ಸರ್, ಗೂಗಲ್‌ಗೆ ಹೋಗೋದಲ್ಲ, ಗೂಗಲ್‌ನಲ್ಲಿ ನೋಡೋದು."

"ನೋಡೇ ಬಂದೀನೋ ತಮ್ಮಾ. ದೇವದುರ್ಗ ತಾಲೂಕ, ಹೊಳಿ ದಂಡಿಗಿ ಅದ. ಅಲ್ಲಮಪ್ರಭು ಗುಡಿ ಅದ."

ಆ ಕಡೆ ಕೀಬೋರ್ಡ್ ಟಕಟಕ ಎಂದಿತು. ಆಮೇಲೆ ಬಡಪಾಯಿ, "ಅಲ್ಲಿ ನೆಟ್‌ವರ್ಕ್ ಸಿಗುತ್ತಾ ಸರ್?" ಎಂದು ಕೇಳಿದ. ಗೂಗಲ್‌ನಲ್ಲಿ ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ ಎಂದು ಚಿಂತಿಸುವ ಭಾಗ್ಯ ನಮ್ಮ ಜಿಲ್ಲೆಯವರಿಗಲ್ಲದೆ ಇನ್ಯಾರಿಗಿದೆ!

ಸಾವರಿಸಿಕೊಂಡು ಅವನು ತನ್ನಲ್ಲಿ "ಕಾಂಪ್ಯಾಕ್ಟ್ ಆದ್ರೂ ಸ್ಪೇಷಿಯಸ್" ಗಾಡಿ ಇದೆ ಎಂದ. ಕಾಕಾ ನನ್ನ ಮುಖ ನೋಡಿದ. "ಹೊರಗ ಸಣ್ಣದು, ಒಳಗ ದೊಡ್ಡದು ಅಂತ ಕಾಕಾ" ಎಂದೆ. "ಹಂಗಂದ್ರ ನಿಮ್ಮ ಚಿಗವ್ವನ ಎಲಿ ಸಂಚಿ ಇದ್ದಂಗ!" ಎಂದು ಕಾಕಾ ತೊಡೆ ತಟ್ಟಿದ. ಖರೆ ಹೋಲಿಕೆ. ಅಂಗೈಯಗಲದ ಆ ಸಂಚಿಯಿಂದ ಎಲೆ ಅಡಿಕೆ ಮಾತ್ರವಲ್ಲ, ಸೇಫ್ಟಿ ಪಿನ್ನು, ಜ್ವರದ ಗುಳಿಗೆ, ಹಿಂದಿನ ವರ್ಷದ ಬಸ್ ಟಿಕೆಟ್ಟು, ಒಮ್ಮೆ ನನ್ನ ಕಳೆದುಹೋದ ಓಲೆ ಸಹ ಬಂದಿತ್ತು.

"ನಾಲ್ಕು ಜನ ಆರಾಮಾಗಿ ಮಲಗಬಹುದು ಸರ್."

"ಉಳಿದವ್ರು?"

"ಉಳಿದವರು ಅಂದ್ರೆ?"

ಪಾಪ, ಅವನಿಗೇನು ಗೊತ್ತು! ಕಾಕಾನಿಗೆ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಹಿರಿಸೊಸೆಗೆ ಮೂರು ಕೂಸು, ಕಿರಿಸೊಸೆ ತುಂಬಿದ ಬಸುರಿ. ನಾವು ಗಾಡಿ ನೋಡುವ ವೇಗಕ್ಕಿಂತ ನಮ್ಮ ಕುಟುಂಬ ಬೆಳೆಯುವ ವೇಗ ಹೆಚ್ಚಿತ್ತು.

ಅಳತೆ ತಿಳಿಯದೆ ಗಾಡಿ ತರಬಾರದೆಂದು ಕಾಕಾ ಒಂದು ರವಿವಾರ ಮುಂಜಾನೆ ಮಾಳಿಗೆ ಹತ್ತಿದ. ಸುಣ್ಣದಿಂದ ಗಾಡಿಯ ಗಾತ್ರಕ್ಕೆ ಗೆರೆ ಎಳೆದು, ಇಡೀ ಕುಟುಂಬವನ್ನು ಅದರೊಳಗೆ ಮಲಗಿಸಿದ! ಸೂರ್ಯ ನೆತ್ತಿಗೇರುತ್ತಿದ್ದ, ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ನಾವೆಲ್ಲ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಬಿದ್ದುಕೊಂಡೆವು. ಕಾಕಾ ಕೋಲು ಹಿಡಿದು ಸುತ್ತ ತಿರುಗಿದ. ಹಿರಿಮಗನ ಕಾಲು ಗೆರೆ ದಾಟಿತ್ತು. "ಹೋತಲೇ ನಿನ್ನ ಕಾಲು! ಲಾರಿ ಹೊಡಕೊಂಡು ಹೋತು!" ಎಂದು ಕೋಲಿನಿಂದ ತಿವಿದ. ಕಿರಿಸೊಸೆ, "ಮಾವಾರ, ಹೊಟ್ಟಿಗಿ ಬ್ಯಾರೆ ಒಂದು ಸೀಟ್ ಬೇಕ್ರಿ" ಎಂದಳು. ಅದನ್ನೂ ಗೆರೆ ಎಳೆದು ಮಂಜೂರು ಮಾಡಲಾಯಿತು. ಪಕ್ಕದ ಮಾಳಿಗೆಯವರು ಸಂಡಿಗೆ ಒಣ ಹಾಕುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಚಿಗವ್ವ ಮಾತ್ರ ಗೆರೆಯ ಹೊರಗೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ನೀ ಬಾ ಬೇ, ನಿನ್ನ ಜಾಗ ಇಲ್ಲಿ ಅದ" ಎಂದು ಕಾಕಾ ಕರೆದರೆ, "ನೀವು ಮಕ್ಕೋರ್ರಿ, ಕೆಳಗ ಬಾಗಲಾ ತೆರದದ" ಎಂದು ಇಳಿದೇ ಹೋದಳು.

ಆಮೇಲೆ ಗಾಡಿ ನೋಡುವ ದಂಡಯಾತ್ರೆ. ಹೈದರಾಬಾದಿನಲ್ಲಿ ಕಂಡದ್ದು ಅರಮನೆಯೇ ಸರಿ. ಬೆಲೆ ಕೇಳಿ ಕಾಕಾ ನೀರು ಕೇಳಿದ. ನೀರು ಕುಡಿದು ಮತ್ತೆ ಬೆಲೆ ಕೇಳಿದ, ಮತ್ತೆ ನೀರು ಕೇಳಿದ. ಕಡೆಗೆ ಮರ್ಯಾದೆ ಉಳಿಸಿಕೊಳ್ಳಲು, "ನಮ್ಮ ಓಣಿ ತಿರುವಿನಾಗ ಇದು ತಿರಗಂಗಿಲ್ರಿ" ಎಂದು ಹೊರಬಂದ. ಇನ್ನೊಂದು ಕಡೆ ಕಂಡ ಗಾಡಿ ಎಷ್ಟು ಚಿಕ್ಕದೆಂದರೆ, ಒಳಗೆ ಹೋದ ಮೇಲೆ ಮನಸ್ಸು ಬದಲಾಯಿಸಲೂ ಹೊರಗೆ ಬರಬೇಕಿತ್ತು. ಬುಗುಟು ಬಂದದ್ದು ಅದರಲ್ಲೇ. ಅದರ ಫೋಟೋ ತೋರಿಸಿದಾಗ ಚಿಗವ್ವ ಕನ್ನಡಕ ಏರಿಸಿ ನೋಡಿದಳು. "ಒಲಿ ಬಾಜೂಕ ಸಂಡಾಸ? ಇದ್ರಾಗ ಅಡಿಗಿ ಮಾಡಾಕಿ ಯಾರು, ಇದನ್ನ ಕಟ್ಟಿದಾವನ ಹೆಂಡ್ತಿ ಏನು?" ಅಲ್ಲಿಗೆ ಆ ಗಾಡಿಯ ಕಥೆ ಮುಗಿಯಿತು.

ಕೊನೆಗೆ ರಾಯಚೂರಿನದೇ ಒಂದು ಗ್ಯಾರೇಜಿನ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಮಲಗಿದ್ದ ಹಳೇ ಮಿನಿಬಸ್ಸೊಂದನ್ನು ಕಾಕಾ ಎಬ್ಬಿಸಿ ತಂದ. ವೆಲ್ಡಿಂಗ್ ಮಾಡುವವನೂ ಕಾಕಾನೂ ದಿನವೂ ಜಗಳವಾಡುತ್ತ ಅದಕ್ಕೆ ಮನೆಯ ರೂಪ ಕೊಟ್ಟರು. ಗೋಡೆಗೆ ರೈಲಿನ ಬರ್ತಿನಂಥ ಹಾಸಿಗೆಗಳು ಬಂದವು. ಒಲೆ ಹಿಂದಕ್ಕೆ ಹೋಯಿತು, ಚಿಗವ್ವನಿಗೆ ಸೆಕೆಯಾಗದಿರಲಿ ಎಂದು ಅಲ್ಲೊಂದು ಅಗಲವಾದ ಬಾಗಿಲು. ಸಂಡಾಸ ಡ್ರೈವರನ ಬೆನ್ನಿಗೆ ಬಂತು. ಡ್ರೈವರ್ ಕಾಕಾನೇ ಆದ್ದರಿಂದ ತಕರಾರು ಹೇಳುವವರು ಇರಲಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಚಿಗವ್ವ ಒಂದು ಪ್ರಶ್ನೆ ಹಾಕಿದಳು. "ಜಗಲಿ ಮ್ಯಾಲಿನ ದೇವರು ಮೂಡಲಕ್ಕ ಮಾರಿ ಮಾಡಿರಬೇಕು. ಗಾಡಿ ತಿರುಗಿದ್ರ ದೇವರ ಮಾರಿ ಎತ್ತಾಗ ಹೋಗತದರಿ?"

ಕಾಕಾ ಎರಡು ದಿನ ಊಟ ಬಿಟ್ಟು ಯೋಚಿಸಿ, ಗಾಡಿಯೊಳಗೆ ದೇವರಿಗೊಂದು ಮರದ ಜಗಲಿ ಮಾಡಿ ಬೇರಿಂಗಿನ ಮೇಲೆ ಕೂರಿಸಿದ. ಗಾಡಿ ಯಾವ ಕಡೆ ನಿಂತರೂ ಕೈಯಿಂದ ತಿರುಗಿಸಿ ದೇವರ ಮುಖವನ್ನು ಮೂಡಲಕ್ಕೆ ಹೊಂದಿಸಬಹುದು! ಸೊಸೆಯರನ್ನು ಕೂರಿಸಿಕೊಂಡು ಮಾನ್ವಿ ರಸ್ತೆಗೆ ಪರೀಕ್ಷೆಗೆ ಹೊರಟ. ಮೊದಲ ಹಂಪ್ ಹಾರಿದ್ದೇ ತಡ, ಜಗಲಿ ಗರಗರ ತಿರುಗತೊಡಗಿತು. "ಮಾವಾರ, ದೇವರು ಗಿರಗಿರ ಆಡಾಕತ್ತಾವ್ರಿ!" ಎಂದು ಹಿರಿಸೊಸೆ ಚೀರಿದಳು. ಕಾಕಾ ಸ್ಟೇರಿಂಗ್ ಬಿಡದೆ, "ಆಡ್ಲಿ ಬಿಡವಾ, ಅವೂ ಮನಿ ಬಿಟ್ಟು ಹೊರಗ ಬಂದಿದ್ದು ಇದೇ ಮೊದಲ!" ಎಂದ. ಆಮೇಲೆ ಜಗಲಿಯನ್ನು ತನ್ನ ಪೈಜಾಮದ ಲಾಡಿಯಿಂದ ಬಿಗಿದನಂತೆ. ಪೈಜಾಮವನ್ನು ಯಾವುದರಿಂದ ಬಿಗಿದ ಎಂದು ನಾನು ಕೇಳಲಿಲ್ಲ.

ದೇವರೇ ಗಾಡಿ ಹತ್ತಿದ ಮೇಲೆ ಚಿಗವ್ವನೂ ಬರಲು ಒಪ್ಪಿದಳು. ಹೊರಡುವ ದಿನ ಮುಂಜಾನೆ ಇನ್ನೊಂದು ಫಜೀತಿ. ಮನೆಗೆ ಕೀಲಿ ಹಾಕಬೇಕು, ಆದರೆ ಮನೆಯಲ್ಲಿ ಕೀಲಿಯೇ ಇಲ್ಲ! ಎಂದೂ ಬೀಳದ ಕೀಲಿ ಇರುವುದಾದರೂ ಯಾಕೆ? ಅಂಗಡಿ ತೆರೆಯುವವರೆಗೆ ಕಾದು ಹೊಸ ಕೀಲಿ ತಂದರೆ, ಕೊಂಡಿ ಚಿಲಕಕ್ಕೆ ಕೂಡುತ್ತಿಲ್ಲ. ಇಷ್ಟು ವರ್ಷ ಅವೆರಡೂ ಒಂದಕ್ಕೊಂದು ಭೇಟಿಯಾದದ್ದೇ ಇಲ್ಲ. ಕಾಕಾ ಸುತ್ತಿಗೆಯಿಂದ ಬಡಿದು ಬಡಿದು ಕೂಡಿಸಿದ. ಕೀಲಿ ಟಕ್ ಎಂದಾಗ ಚಿಗವ್ವ ಅದನ್ನು ಹಿಡಿದು ಒಮ್ಮೆ ಜಗ್ಗಿದಳು, ಇನ್ನೊಮ್ಮೆ ಜಗ್ಗಿದಳು. ಅವಳು ಕೀಲಿ ತೆಗೆಸಿ ಒಳಗೆ ಹೋಗಿಬಿಡುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡೆವು. "ದೀಪದ ಎಣ್ಣಿ ಇಟಗೊಂಡೀರಿಲ್ಲೋ?" ಎಂದು ಕೇಳಿ ಗಾಡಿ ಹತ್ತಿದಳು.

ದೇವದುರ್ಗಕ್ಕೆ ಸೀದಾ ರಸ್ತೆ ಇರುವಾಗ ಕಾಕಾ ಗಾಡಿಯನ್ನು ಕಲ್ಲೂರಿನ ಕಡೆ ತಿರುಗಿಸಿದ. ಅತ್ತೆ ಮನೆಯವರಿಗೆ ತೋರಿಸದಿದ್ದರೆ ಇಷ್ಟೆಲ್ಲ ಕಷ್ಟಪಟ್ಟದ್ದು ಯಾಕೆ? ಊರ ಮುಂದೆ ನಿಲ್ಲಿಸಿದ್ದೇ ಜನ ಕೂಡಿದರು. ಅಷ್ಟರಲ್ಲಿ ಒಬ್ಬ ಮುದುಕಿ ಸರಸರ ಮೆಟ್ಟಿಲು ಹತ್ತಿ ಬಂದು ಬರ್ತಿನ ಮೇಲೆ ಕೂತು, ಎರಡೂ ಕಣ್ಣು ಅಗಲಿಸಿ, "ಎಡಗಣ್ಣು ಮೊದಲ ನೋಡೋ ಯಪ್ಪಾ" ಎಂದಳು. ಕಣ್ಣು ತಪಾಸಣೆಯ ಗಾಡಿ ಬಂದಿದೆ ಎಂದುಕೊಂಡಿದ್ದಳು! ಅಲ್ಲ ಎಂದರೆ ನಂಬಲೊಲ್ಲಳು. ಕೊನೆಗೆ ಕಾಕಾ ಗಂಭೀರವಾಗಿ ಟಾರ್ಚ್ ಹಿಡಿದು ನೋಡಿ, "ಬ್ಯಾರೆ ಡಾಕ್ಟರಿಗಿ ತೋರ್ಸಬೇ" ಎಂದ. ಚಿಗವ್ವ ಅವಳಿಗೆ ಚಹಾ ಮಾಡಿಕೊಟ್ಟಳು. ಕುಡಿದು ಇಳಿಯುವಾಗ ಮುದುಕಿ, "ಈಗ ಚಲೋ ಕಾಣಾಕತ್ತದ" ಎಂದು ಹರಸಿ ಹೋದಳು.

ಮಾನ್ವಿಯಲ್ಲಿ ನನ್ನ ಸಾಮಾನು ಹತ್ತಿಸಿಕೊಂಡು, ದೇವದುರ್ಗ ದಾಟಿ ಗೂಗಲ್ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಗಾಡಿ ನಿಂತದ್ದೇ ಮೊಮ್ಮಕ್ಕಳು ಹೊಳೆಗೆ ಓಡಿದರು, ಅವರ ಹಿಂದೆ ಅಪ್ಪಂದಿರು, ಕಿರಿಸೊಸೆಯ ಹೊಸ ಕೂಸನ್ನು ಎತ್ತಿಕೊಂಡು ಸೊಸೆಯರು ಗುಡಿಯ ಕಡೆ. ನಾನು ಚಿಗವ್ವನಿಗೆ ಕೈ ಚಾಚಿದೆ. ಅವಳು ಬಾಗಿಲಲ್ಲಿ ನಿಂತು, ಬಹಳ ಸಹಜವಾಗಿ, "ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ" ಎಂದಳು.

ನಾನು ಹೊಟ್ಟೆ ಹಿಡಿದು ನಕ್ಕೆ. ನಕ್ಕು ಕಾಕಾನ ಕಡೆ ತಿರುಗಿದರೆ ಅವನು ನಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನೆಲ ನೋಡುತ್ತ ನಿಂತಿದ್ದ. ಇಷ್ಟು ದೂರ ಬಂದರೂ ಅವಳು ಇನ್ನೂ ರಾಯಚೂರಿನ ಆ ಹೊಸ್ತಿಲಲ್ಲೇ ಇದ್ದಳು. ನನಗೆ ನಕ್ಕಿದ್ದಕ್ಕೆ ಸಂಕಟವಾಯಿತು.

ಕಾಕಾ ಡ್ರೈವರ್ ಸೀಟಿಗೆ ಹೋಗಿ ಕೂತ. ಗಾಡಿ ಸುತ್ತಿ ತಿರುಗಿತು, ಬೆನ್ನು ಹೊಳೆಗೆ ಮಾಡಿತು, ಆಮೇಲೆ ಮೆಲ್ಲಗೆ ಹಿಂದೆ ಹಿಂದೆ ಬರತೊಡಗಿತು. "ಯಪ್ಪಾ, ಸಾಕು! ಗಾಡಿ ಮುಳಗತದ!" ಎಂದು ಕಾಕಾನ ಮಕ್ಕಳಿಬ್ಬರೂ ನೀರಿನಲ್ಲಿ ನಿಂತು ಬೊಬ್ಬೆ ಹೊಡೆದರು. ಗಾಲಿ ಉಸುಕಿನಲ್ಲಿ ಹೂತು, ಹಿಂದಿನ ಬಾಗಿಲ ಮೆಟ್ಟಿಲು ನೀರು ಮುಟ್ಟಿದ ಮೇಲೆಯೇ ಕಾಕಾ ನಿಲ್ಲಿಸಿದ. ಮರುದಿನ ಎಳೆಯಲು ಟ್ರ್ಯಾಕ್ಟರ್ ತರಿಸಬೇಕಾಯಿತು, ಅದು ಬೇರೆ ಮಾತು.

ಚಿಗವ್ವ ಜಗಲಿಯ ಮುಂದೆ ದೀಪ ಹಚ್ಚಿದಳು. ಹಚ್ಚಿ ಬಂದು ಹಿಂದಿನ ಬಾಗಿಲಲ್ಲಿ ಕೂತಳು. ಸೀರೆಯ ನಿರಿಗೆ ತುಸು ಎತ್ತಿ ಒಂದು ಕಾಲು ಇಳಿಬಿಟ್ಟಳು, ಆಮೇಲೆ ಇನ್ನೊಂದು. ಕೃಷ್ಣೆ ಅವಳ ಪಾದದ ಮೇಲೆ ಹರಿದಳು. ನಮ್ಮ ಚಿಗವ್ವನಿಗೆ ಅಷ್ಟು ಚಿಕ್ಕ ಹುಡುಗಿಯ ಮುಖವಿದೆ ಎಂದು ನಾನು ಅವತ್ತಿನವರೆಗೆ ನೋಡಿರಲಿಲ್ಲ.

"ಈ ಮನಿಗಿ ಅಂಗಳ ಚಲೋ ಅದರಿ" ಎಂದಳು ಹೊಳೆ ನೋಡುತ್ತ.

ಕಾಕಾ ಪೈಜಾಮ ಮೇಲೆತ್ತಿಕೊಂಡು ನೀರಿನಲ್ಲಿ ನಡೆದು ಬಂದ.

"ನೀವೂ ಗುಡಿಗಿ ಹೋಗಿ ಬರ್ರಿ. ನಾ ಅದೀನಲ್ಲ" ಎಂದಳು.

"ಸ್ವಲ್ಪ ಅತ್ತಾಗ ಸರಕೋ" ಎಂದ ಕಾಕಾ. "ನಾನೂ ಕಾಯ್ತೀನಿ."

ಚಿಗವ್ವ ಸರಿದು ಜಾಗ ಬಿಟ್ಟಳು.